ಬಾವುಟದ ಹಾಡು ಬರೆದವರು ಪಂಚಾಯತ್ ಅಧ್ಯಕ್ಷರೂ ಆಗಿದ್ದರು: ಕಯ್ಯಾರ ಕಿಞ್ಞಣ್ಣ ರೈ ಬಗ್ಗೆ ಮಾತಾಡೋಣ

ಮಣ್ಣಗುಡ್ಡೆ ಟೀಚರ್

ನಾನು ಮಂಗಳೂರಿನಲ್ಲಿ ಸಣ್ಣ ಮಕ್ಕಳಿಗೆ ಕನ್ನಡ ಕಲಿಸುತ್ತೇನೆ. ವರ್ಣಮಾಲೆ ಹೇಳಿಕೊಡುವಾಗ ಪ್ರತಿ ವರ್ಷ ಒಂದು ಕಡೆ ಗಾಡಿ ನಿಂತುಬಿಡುತ್ತದೆ. ಕ ಅಂದರೆ ಕಮಲ, ಗ ಅಂದರೆ ಗಡಿಯಾರ, ಚ ಅಂದರೆ ಚಮಚ. ಞ ಅಂದರೆ ಎಂತ? ನಮ್ಮ ಗೋಡೆಯ ಚಾರ್ಟಿನಲ್ಲಿ ಆ ಚೌಕಕ್ಕೆ ಚಿತ್ರವೇ ಇಲ್ಲ. ಬರೀ ಅಕ್ಷರ.

ಈ ಸಲ ಬೋರ್ಡಿನ ಮೇಲೆ ದೊಡ್ಡದಾಗಿ 'ಕಿಞ್ಞಣ್ಣ' ಅಂತ ಬರೆದೆ. ಞ, ಅದರ ಕೆಳಗೆ ಇನ್ನೊಂದು ಞ ಒತ್ತು. ಬರೆಯುವುದೇ ಮಕ್ಕಳಿಗೆ ಒಂದು ಆಟವಾಯಿತು. ಎರಡನೇ ಬೆಂಚಿನ ಹುಡುಗಿ, ಮನೆಯಲ್ಲಿ ತುಳು ಮಾತಾಡುವವಳು, "ಟೀಚರ್, ಕಿಞ್ಞ ಅಂದ್ರೆ ಸಣ್ಣದು" ಅಂದಳು. ಸರಿ, ಸಣ್ಣಣ್ಣ. ಇವರು ಯಾರು ಗೊತ್ತುಂಟಾ ಅಂತ ಕೇಳಿದೆ. ಯಾರಿಗೂ ಗೊತ್ತಿಲ್ಲ. 'ಏರುತಿಹುದು ಹಾರುತಿಹುದು' ಹಾಡು ಗೊತ್ತುಂಟಾ? ಇಡೀ ಕ್ಲಾಸು ಎದ್ದು ನಿಂತು ಹಾಡಿತು. ಆ ಹಾಡು ಬರೆದವರೇ ಇವರು, ಇವರ ಊರು ಇಲ್ಲಿಂದ ಬಸ್ಸಿನಲ್ಲಿ ಹೋಗುವಷ್ಟು ಹತ್ತಿರ ಅಂದಾಗ ಮಕ್ಕಳ ಮುಖ ನೋಡಬೇಕಿತ್ತು.

ಮಧ್ಯಾಹ್ನ ಊಟದ ಹೊತ್ತಿಗೆ ಸ್ಟಾಫ್ ರೂಮಿನಲ್ಲಿ ಇದನ್ನು ಹೇಳಿದೆ. ಅಲ್ಲಿಯೂ ಇಬ್ಬರಿಗೆ ಮಾತ್ರ ಹೆಸರು ಗೊತ್ತಿತ್ತು. ಒಬ್ಬರು "ಕಾಸರಗೋಡಿನ ಗಲಾಟೆಯವರು ಅಲ್ವಾ?" ಅಂದರು. ನನಗೆ ಅದು ಚುಚ್ಚಿತು. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನನಗೆ ಗೊತ್ತಿರುವುದು ಇಷ್ಟು. ಹುಟ್ಟಿದ್ದು 1915ರ ಜೂನ್ 8, ಕಯ್ಯಾರದಲ್ಲಿ. ತೀರಿಕೊಂಡದ್ದು 2015ರ ಆಗಸ್ಟ್ 9. ನೂರು ವರ್ಷ ತುಂಬಿದ ಬಾಳು. ಪೆರಡಾಲದ ನವಜೀವನ ಹೈಸ್ಕೂಲಿನಲ್ಲಿ ಮೇಷ್ಟ್ರು. ಕವಿ. ಕೃಷಿಕ. ಬದಿಯಡ್ಕ ಪಂಚಾಯತ್ ಅಧ್ಯಕ್ಷ. ಕಾಸರಗೋಡನ್ನು ಕರ್ನಾಟಕಕ್ಕೆ ಸೇರಿಸಬೇಕು ಎಂಬ ವಿಲೀನ ಚಳವಳಿಯ ದೊಡ್ಡ ದನಿ. ನನ್ನ ಪ್ರಶ್ನೆ ಇದು: ಇಷ್ಟೆಲ್ಲ ಆಗಿದ್ದವರನ್ನು ನಾವು ಒಂದು ಹಾಡು ಮತ್ತು ಒಂದು ಗಡಿ ಜಗಳಕ್ಕೆ ಯಾಕೆ ಇಳಿಸಿಬಿಟ್ಟೆವು? ಗೊತ್ತಿದ್ದವರು ದಯವಿಟ್ಟು ಬರೆಯಿರಿ.

ಇನ್ನೊಂದು. ನನ್ನ ಅಪ್ಪ ನೀರ್ಚಾಲು ಕಡೆಯವರು. ಅವರ ಹತ್ತಿರ ಕಯ್ಯಾರರ ಆತ್ಮಕತೆ 'ದುಡಿತವೇ ನನ್ನ ದೇವರು' ಉಂಟು. ಆದರೆ ಮಳೆಗಾಲದಲ್ಲಿ ಗೆದ್ದಲು ಹಿಡಿದು ಕೊನೆಯ ಕೆಲವು ಹಾಳೆಗಳು ಹುಡಿಯಾಗಿವೆ. ಯಾರ ಹತ್ತಿರವಾದರೂ ಪೂರ್ತಿ ಪ್ರತಿ ಇದ್ದರೆ ಹೇಳಿ.


ಹಳೇ ಬಂದರು

ಒಳ್ಳೆಯ ಮಾತು ಎತ್ತಿದ್ದೀರಿ. 'ಗಲಾಟೆ' ಅಂದವರಿಗೆ ಸ್ವಲ್ಪ ಹಿಂದಿನದ್ದು ಹೇಳಬೇಕು.

ಕಾಸರಗೋಡು ಅಂದರೆ ಬೇರೆ ಊರು, ಬೇರೆ ರಾಜ್ಯ ಅಂತ ಈಗಿನವರಿಗೆ ಅನಿಸುತ್ತದೆ. ನಮ್ಮ ಅಪ್ಪನ ಕಾಲದಲ್ಲಿ ಹಾಗಿರಲಿಲ್ಲ. ಅದು ದಕ್ಷಿಣ ಕನ್ನಡ ಜಿಲ್ಲೆಯ ಒಂದು ತಾಲೂಕು. ಕಲೆಕ್ಟರ್ ಕಚೇರಿ ಮಂಗಳೂರಿನಲ್ಲಿ. ಕೋರ್ಟು, ಕಾಲೇಜು, ಆಸ್ಪತ್ರೆ, ಅಡಿಕೆ ವ್ಯಾಪಾರ ಎಲ್ಲ ಇಲ್ಲಿಗೇ. ಇಡೀ ಜಿಲ್ಲೆ ಮದ್ರಾಸಿನ ಆಡಳಿತದಲ್ಲಿತ್ತು. 1956ರ ನವೆಂಬರ್ 1ಕ್ಕೆ ಭಾಷೆಯ ಆಧಾರದಲ್ಲಿ ರಾಜ್ಯಗಳಾದವು. ಜಿಲ್ಲೆಯ ಉಳಿದ ಭಾಗ ಮೈಸೂರು ರಾಜ್ಯಕ್ಕೆ ಬಂತು. ಕಾಸರಗೋಡು ತಾಲೂಕು ಕೇರಳಕ್ಕೆ ಹೋಯಿತು. ಬೆಳಗ್ಗೆ ಎದ್ದು ನೋಡಿದರೆ ರಾಜಧಾನಿ 500 ಕಿಲೋಮೀಟರಿಗೂ ಜಾಸ್ತಿ ದೂರದ ತಿರುವನಂತಪುರ. ಮನೆ ಅದೇ, ತೋಟ ಅದೇ, ಸರಕಾರಿ ಕಾಗದದ ಲಿಪಿ ಮಾತ್ರ ಬೇರೆ.

ಅದನ್ನು ಶಿಫಾರಸು ಮಾಡಿದ್ದು ರಾಜ್ಯಗಳ ಗಡಿ ಗೊತ್ತುಮಾಡಲು ನೇಮಿಸಿದ ಫಜಲ್ ಅಲಿ ಆಯೋಗ. ಮೂವರು ಸದಸ್ಯರಲ್ಲಿ ಒಬ್ಬರು ಕೇರಳದವರೇ ಆದ ಕೆ. ಎಂ. ಪಣಿಕ್ಕರ್. ನಮ್ಮ ಕಡೆ ಹಿರಿಯರು ಆ ಹೆಸರು ಹೇಳಿ ಹಲ್ಲು ಕಡಿಯುವುದನ್ನು ನಾನು ಸಣ್ಣವನಿದ್ದಾಗಿನಿಂದ ಕೇಳಿದ್ದೇನೆ.

1957ರಲ್ಲಿ ಕೇರಳ ವಿಧಾನಸಭೆಗೆ ಮೊದಲ ಚುನಾವಣೆ. ಮಂಜೇಶ್ವರದಿಂದ ವಿಲೀನದ ಪರ ನಿಂತ ಎಂ. ಉಮೇಶ್ ರಾವ್ ಅವಿರೋಧವಾಗಿ ಗೆದ್ದರು. ಅವರ ಎದುರು ಕಣದಲ್ಲಿ ಒಬ್ಬನೂ ಉಳಿಯಲಿಲ್ಲ. ಜನರ ಮನಸ್ಸು ಎಲ್ಲಿತ್ತು ಅಂತ ತಿಳಿಯಲು ಇದೊಂದು ಸಾಕು. ಆಮೇಲೆ 1966ರಲ್ಲಿ ಗಡಿ ಜಗಳ ವಿಚಾರಿಸಲು ಮಹಾಜನ ಆಯೋಗ ಬಂತು. 1967ರಲ್ಲಿ ವರದಿ ಕೊಟ್ಟಿತು. ಚಂದ್ರಗಿರಿ ಹೊಳೆಯ ಉತ್ತರದ ಭಾಗವನ್ನು ಮೈಸೂರು ರಾಜ್ಯಕ್ಕೆ ಸೇರಿಸಬೇಕು ಅಂತ ಸ್ಪಷ್ಟವಾಗಿ ಹೇಳಿತು. ವರದಿ ಹಾಗೆಯೇ ಉಳಿಯಿತು. ಇಂದಿಗೂ ಉಳಿದಿದೆ.

ಕಯ್ಯಾರರು ಬರೆದ 'ಬೆಂಕಿ ಬಿದ್ದಿದೆ ಮನೆಗೆ' ಈ ಹೊತ್ತಿನ ಹಾಡು. ಅದನ್ನು ಸುಮ್ನೆ ಮನೆಯಲ್ಲಿ ಕೂತು ಓದಿದರೆ ಅದರ ಬಿಸಿ ತಾಗುವುದಿಲ್ಲ. ಮನೆಗೆ ಬೆಂಕಿ ಬಿದ್ದಾಗ ಪಕ್ಕದವರನ್ನು ಹೇಗೆ ಕೂಗುತ್ತೇವೆ? ಹಾಗೆ ಕೂಗಿದ ಹಾಡು.


ಕಾಪು ಕಡೆಯವಳು

ನಾನು ಉಡುಪಿಯಲ್ಲಿ ಎಂ.ಎ. ಓದುತ್ತಿದ್ದೇನೆ. ಒಂದು ಡೌಟು. ನಿರಂಜನರ 'ಚಿರಸ್ಮರಣೆ' ಕಾದಂಬರಿಯಲ್ಲಿ ಬರುವ ರೈತರ ಹೋರಾಟ ಇವರ ಊರಿನದ್ದೇ ಅಲ್ವಾ? ಕಯ್ಯಾರ ಅಂತಲೇ ನೆನಪು.


ಗಡಿಮನೆ

ಅಲ್ಲ ತಂಗಿ. ಈ ಗೊಂದಲ ತುಂಬ ಜನರಿಗೆ ಆಗುತ್ತದೆ. ಆ ಕಾದಂಬರಿಯ ಊರು ಕಯ್ಯೂರು. ಅದು ತೆಂಕಿನಲ್ಲಿ, ನೀಲೇಶ್ವರದ ಕಡೆ. ಅಲ್ಲಿನ ನಾಲ್ಕು ಜನರನ್ನು 1943ರ ಮಾರ್ಚ್ 29ರಂದು ಕಣ್ಣೂರು ಜೈಲಿನಲ್ಲಿ ಗಲ್ಲಿಗೇರಿಸಿದರು. ಕಯ್ಯಾರ ಇರುವುದು ಬಡಗಿನಲ್ಲಿ, ಪೈವಳಿಕೆಯ ಹತ್ತಿರ. ಹೆಸರಿನಲ್ಲಿ ಒಂದು ದೀರ್ಘ ಅಷ್ಟೇ ವ್ಯತ್ಯಾಸ, ದಾರಿ ತುಂಬ ಉಂಟು.

ನನ್ನ ಮನೆ ಬದಿಯಡ್ಕದಿಂದ ಸ್ವಲ್ಪ ಒಳಗೆ. ಕೆಲಸ ಮಂಗಳೂರಿನಲ್ಲಿ. ಟೀಚರ್, ನಿಮ್ಮ ಪ್ರಶ್ನೆ ಓದಿ ರಾತ್ರಿ ನಿದ್ದೆ ಬರಲಿಲ್ಲ. ಆದ್ದರಿಂದ ಉದ್ದ ಬರೆಯುತ್ತೇನೆ.

ನಮ್ಮ ಅಜ್ಜಿಗೆ ಜೈಮಿನಿ ಭಾರತ ಬಾಯಿಪಾಠ. ಆಟಿ ತಿಂಗಳಲ್ಲಿ ಹೊರಗೆ ಮಳೆ ಹೊಯ್ಯುವಾಗ ಚಾವಡಿಯಲ್ಲಿ ಕೂತು ರಾಗವಾಗಿ ಓದುತ್ತಿದ್ದರು. ಕನ್ನಡಕದ ಒಂದು ಕಾಲು ಮುರಿದಿತ್ತು, ಅದಕ್ಕೆ ಬಾಳೆನಾರು ಕಟ್ಟಿದ್ದರು. ಸೋಪಾನ ಹಾಕಿದ ಹಾಗೆ ಒಂದೊಂದೇ ಪದ್ಯ ಏರಿ ಹೋಗುತ್ತಿದ್ದರು. ಅಂಥ ಅಜ್ಜಿ ಒಂದು ದಿನ ಪಿಂಚಣಿಯ ಕೆಲಸಕ್ಕೆ ಒಂದು ಕಚೇರಿಗೆ ಹೋದರು. ನಾನು ಜೊತೆಗಿದ್ದೆ, ಆರನೇ ಕ್ಲಾಸು. ಅರ್ಜಿ ಪೂರ್ತಿ ಮಲಯಾಳದಲ್ಲಿ. ಅಜ್ಜಿ ಅದನ್ನು ಕಣ್ಣಿನ ಹತ್ತಿರ ಹಿಡಿದರು, ದೂರ ಹಿಡಿದರು. ಮೇಜಿನ ಹಿಂದಿದ್ದವರು ಮೇಲೆ ನೋಡದೆ ಶಾಯಿಯ ಪೆಟ್ಟಿಗೆ ಮುಂದೆ ತಳ್ಳಿದರು. ಅಜ್ಜಿ ಹೆಬ್ಬೆಟ್ಟು ಒತ್ತಿದರು. ವಾಪಸು ಬರುವಾಗ ಬಸ್ಸಿನಲ್ಲಿ ಸೆರಗಿನ ತುದಿಗೆ ಬೆರಳು ಉಜ್ಜುತ್ತಲೇ ಇದ್ದರು. ಶಾಯಿ ಹೋಗಿತ್ತು, ಆದರೂ ಉಜ್ಜುತ್ತಿದ್ದರು.

ಕಾನೂನಿನಲ್ಲಿ ಹಾಗಿಲ್ಲ. ಕೇರಳದ 1969ರ ಆಡಳಿತ ಭಾಷಾ ಕಾಯಿದೆಯಲ್ಲೇ ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರಿಗೆ ತಮ್ಮ ಭಾಷೆಯಲ್ಲಿ ಸರಕಾರದ ಜೊತೆ ವ್ಯವಹರಿಸುವ ಹಕ್ಕು ಉಂಟು. ಬರೆದ ಹಕ್ಕು ಬೇರೆ, ಮೇಜಿನ ಮುಂದೆ ನಿಂತಾಗ ಸಿಗುವುದು ಬೇರೆ.

ನಮ್ಮ ಮನೆಯಲ್ಲಿ ಕಯ್ಯಾರರ ಹೆಸರು ಬರುತ್ತಿದ್ದದ್ದು ಈ ಹಿನ್ನೆಲೆಯಲ್ಲಿ. ನಮಗೆ ಅವರು ಪಠ್ಯಪುಸ್ತಕದ ಕವಿ ಅಲ್ಲ, ನಮ್ಮ ಪರವಾಗಿ ಬಾಯಿ ಬಿಟ್ಟವರು. ಈಗ ನಾನು ಯೋಚಿಸುವುದು ಬೇರೆ ವಿಷಯ. ಕೇರಳದಿಂದ ಹೊರಗೆ ಹೋಗಬೇಕು ಅಂತ ಹೋರಾಡುತ್ತಿದ್ದ ಮನುಷ್ಯ ಕೇರಳದ ಪಂಚಾಯತಿಗೆ ಅಧ್ಯಕ್ಷರಾಗಿ ಕೂತರು. ಅದೂ ವರ್ಷಗಟ್ಟಲೆ. ಮೊದಲು ನನಗೆ ಇದು ಸರಿ ಕಾಣಲಿಲ್ಲ. ಬೇಡ ಅನ್ನುವ ಸರಕಾರದ ಕುರ್ಚಿ ಯಾಕೆ? ಆಮೇಲೆ ಅರ್ಥವಾಯಿತು. ವಿಲೀನ ಯಾವಾಗ ಆಗುತ್ತದೋ. ಅಲ್ಲಿವರೆಗೆ ಊರಿಗೆ ರಸ್ತೆ ಬೇಡವೇ? ಬೇಸಿಗೆಯಲ್ಲಿ ಕುಡಿಯುವ ನೀರು ಬೇಡವೇ? ಶಾಲೆಗೆ ಮಾಡು ಬೇಡವೇ? ಗಡಿ ಎಲ್ಲಿ ಬಿದ್ದರೂ ಹಸಿವು ಕಾಯುವುದಿಲ್ಲ. ಅವರು ಆತ್ಮಕತೆಗೆ ಇಟ್ಟ ಹೆಸರು ನೋಡಿ. ದುಡಿತವೇ ನನ್ನ ದೇವರು. ಹೋರಾಟವೇ ಅಂತ ಇಡಲಿಲ್ಲ, ಕವಿತೆಯೇ ಅಂತಲೂ ಇಡಲಿಲ್ಲ.


ಮಣ್ಣಗುಡ್ಡೆ ಟೀಚರ್

ಗಡಿಮನೆಯವರೇ, ಅಜ್ಜಿಯ ಮಾತು ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಬರೆದದ್ದಕ್ಕೆ ಥ್ಯಾಂಕ್ಸ್.


ಹಳೇ ಬಂದರು

ನಾನು ಒಂದು ಕಷ್ಟದ ಮಾತು ಹೇಳುತ್ತೇನೆ, ಬೇಜಾರು ಮಾಡಬೇಡಿ. ನನ್ನ ಲೆಕ್ಕದಲ್ಲಿ ಈ ಚಳವಳಿ ಅವರೊಳಗಿನ ಕವಿಗೆ ನಷ್ಟ ಮಾಡಿತು.

ಅವರಿಗೆ ಕೈಯಲ್ಲಿ ಇದ್ದ ಸಾಮಾನು ಸಣ್ಣದಲ್ಲ. ನೀರ್ಚಾಲಿನ ಮಹಾಜನ ಸಂಸ್ಕೃತ ಕಾಲೇಜಿನಲ್ಲಿ ಓದಿದವರು. ಹನ್ನೆರಡನೇ ವಯಸ್ಸಿಗೆ 'ಸುಶೀಲಾ' ಅಂತ ಕೈಬರಹದ ಪತ್ರಿಕೆ ಮಾಡಿದ್ದರು. ಒಂದು ಹಳ್ಳಿಯಲ್ಲಿ, ಪ್ರೆಸ್ಸು ಎಂಬುದನ್ನೇ ನೋಡದ ವಯಸ್ಸಿನಲ್ಲಿ, ಹಾಳೆಗೆ ಗೆರೆ ಎಳೆದು ಇಡೀ ಪತ್ರಿಕೆ ಕೈಯಲ್ಲೇ ಬರೆಯುವುದು ಅಂದರೆ ಎಂಥ ಹುಚ್ಚು ಇರಬೇಕು. ಆಮೇಲೆ ನಮ್ಮ ಮಂಗಳೂರಿಗೆ ಬಂದು ಸ್ವದೇಶಾಭಿಮಾನಿ ಪತ್ರಿಕೆಯಲ್ಲಿ ಕೆಲಸ ಮಾಡಿದರು. ಇಲ್ಲೇ ಉಳಿದಿದ್ದರೆ? ಬರೀ ಬರವಣಿಗೆ ಹಿಡಿದಿದ್ದರೆ? ನಾಡಿನ ದೊಡ್ಡ ಕವಿಗಳ ಸಾಲಿನಲ್ಲಿ ಇವರ ಹೆಸರು ಬೇರೆ ಜಾಗದಲ್ಲಿ ಇರುತ್ತಿತ್ತು ಅಂತ ನನಗೆ ಅನಿಸುತ್ತದೆ.

ಐವತ್ತರ ದಶಕದಲ್ಲಿ ಕನ್ನಡ ಕವಿತೆಯ ದಾರಿಯೇ ತಿರುಗಿತು. ನಮ್ಮದೇ ಕರಾವಳಿಯ ಮೊಗೇರಿಯಿಂದ ಬಂದ ಗೋಪಾಲಕೃಷ್ಣ ಅಡಿಗರು ಹಾಡುವ ಕವಿತೆಯನ್ನು ಬಿಟ್ಟು ಬೇರೆ ಕಡೆ ನಡೆದರು. ಓದುವವರೂ ಅವರ ಹಿಂದೆ ನಡೆದರು. ಆ ಹೊತ್ತಿಗೆ ಕಯ್ಯಾರರು ಸಭೆ, ಉಪವಾಸ, ಮನವಿ ಅಂತ ಓಡಾಡುತ್ತಿದ್ದರು. ಅವರ ಕವಿತೆ ಹಾಡಿನಲ್ಲೇ ಉಳಿಯಿತು.


ಕಾಪು ಕಡೆಯವಳು

ಹಾಡಿನಲ್ಲಿ ಉಳಿದದ್ದು ನಷ್ಟ ಅಂತ ಯಾಕೆ ಹೇಳುತ್ತೀರಿ? ಕ್ಲಾಸಿನಲ್ಲಿ ನಮಗೆ ಅಡಿಗರು ಹಿಡಿದ ಆ ಹೊಸ ದಾರಿಯನ್ನು, ಅಂದರೆ ನವ್ಯವನ್ನು, ಮೇಲಿನ ಮೆಟ್ಟಿಲು ಅಂತಲೇ ಕಲಿಸುತ್ತಾರೆ. ಆದರೆ ಮೊನ್ನೆ ಟೀಚರ್ ಕ್ಲಾಸಿನಲ್ಲಿ ಎದ್ದು ನಿಂತು ಹಾಡಿದ್ದು ಯಾವ ಕವಿತೆ? ಆರೇಳು ವರ್ಷದ ಮಗುವಿನ ಬಾಯಲ್ಲಿ 'ಪಟಪಟ' ಅಂತ ಬಾವುಟ ಹೊಡೆದುಕೊಳ್ಳುವಂತೆ ಬರೆಯುವುದು ಸುಲಭ ಅಲ್ಲ. ನಾನು ಪ್ರಯತ್ನ ಮಾಡಿ ನೋಡಿದ್ದೇನೆ, ಆಗುವುದಿಲ್ಲ.

ನನಗೆ ಅವರ 'ಕೊರಗ' ಕವಿತೆಯ ಬಗ್ಗೆ ಜಾಸ್ತಿ ತಿಳಿಯಬೇಕು. ಅದೂ ಅವರದ್ದೇ ಅಲ್ವಾ?


ಪೆರ್ಡೂರಿನ ಓದುಗ

ಹೌದು, ಅವರದ್ದೇ. ಅದರ ಬಗ್ಗೆ ಮಾತಾಡಲೇಬೇಕು.

ಕೊರಗರು ನಮ್ಮ ತುಳುನಾಡಿನ ಮೂಲದ ಜನ. ಬುಟ್ಟಿ ಹೆಣೆಯುವವರು. ಡೋಲು ಬಡಿಯುವವರು. ಅವರನ್ನು ಊರು ಹೇಗೆ ನಡೆಸಿಕೊಂಡಿತು ಅಂತ ಇಲ್ಲಿ ಹುಟ್ಟಿದ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಮಂಗಳೂರಿನಲ್ಲಿ ಕುದ್ಮುಲ್ ರಂಗರಾಯರು ದಲಿತರಿಗಾಗಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಕಟ್ಟಿದ್ದು 1897ರಲ್ಲಿ. ಅವರಿಗೆ ಆಗ ಊರಿನವರಿಂದ ಬಹಿಷ್ಕಾರ. ಅದಾಗಿ ಎಷ್ಟೋ ವರ್ಷದ ಮೇಲೂ ಕನ್ನಡದ ಕವಿತೆಯಲ್ಲಿ ಕೊರಗ ಎಂಬ ಮನುಷ್ಯ ಕಾಣಲಿಲ್ಲ. ಕಯ್ಯಾರರು ಆ ಹೆಸರನ್ನೇ ಕವಿತೆಯ ಹಣೆಗೆ ಇಟ್ಟರು. ಬಂಟ ಮನೆತನದಲ್ಲಿ ಹುಟ್ಟಿದ ಒಬ್ಬರು, ಗುತ್ತು ಬರ್ಕೆ ಎಂಬ ದೊಡ್ಡ ಜಮೀನ್ದಾರಿ ಮನೆಗಳ ನಾಡಿನಲ್ಲಿ ಕೂತು ಹೀಗೆ ಬರೆಯಬೇಕಾದರೆ ಒಳಗೆ ಏನೋ ಅಲುಗಾಡಿರಬೇಕು.

ಹಳೇ ಬಂದರು ಅಣ್ಣ, ಚಳವಳಿ ಅವರ ಕವಿತೆಯನ್ನು ತಿಂದಿತು ಅಂತ ನೀವು ಹೇಳುತ್ತೀರಿ. ನನಗೆ ಎರಡೂ ಒಂದೇ ಬೇರಿನದ್ದು ಅಂತ ಕಾಣುತ್ತದೆ. ಅಜ್ಜಿಯ ಹೆಬ್ಬೆಟ್ಟನ್ನು ನೋಡಲಾಗದ ಕಣ್ಣೇ ಕೊರಗನನ್ನೂ ನೋಡಿದ್ದು.

ಇನ್ನೂ ಒಂದು ಗಮನಿಸಿ. ಅವರು ಯಾರ ಜೀವನಚರಿತ್ರೆ ಬರೆದರು? ಗೋವಿಂದ ಪೈಗಳದ್ದು. ಕಾರ್ನಾಡ್ ಸದಾಶಿವ ರಾಯರದ್ದು. ಸದಾಶಿವ ರಾಯರು ಮಂಗಳೂರಿನ ಶ್ರೀಮಂತ ವಕೀಲರು. ಸ್ವಾತಂತ್ರ್ಯದ ಹೋರಾಟಕ್ಕೆ ಆಸ್ತಿಯೆಲ್ಲ ಸುರಿದು, ಬರಿಗೈಯಲ್ಲಿ 1937ರಲ್ಲಿ ಮುಂಬಯಿಯಲ್ಲಿ ತೀರಿಕೊಂಡರು. ನಾವು ಈಗ ಕೆ. ಎಸ್. ರಾವ್ ರೋಡಿನಲ್ಲಿ ಪಾರ್ಕಿಂಗಿಗೆ ಜಾಗ ಹುಡುಕುತ್ತಾ ತಿರುಗುತ್ತೇವಲ್ಲ, ಆ ಕೆ. ಎಸ್. ರಾವ್ ಇವರೇ. ಕಯ್ಯಾರರಿಗೆ ರಾಜಕೀಯ ಅಂದರೆ ಏನು ಅಂತ ತಿಳಿಯಲು ಅವರ ಸ್ವಂತ ಭಾಷಣಗಳಿಗಿಂತ ಈ ಆಯ್ಕೆ ಜಾಸ್ತಿ ಹೇಳುತ್ತದೆ.

ಟೀಚರ್, ಆತ್ಮಕತೆ ನನ್ನ ಹತ್ತಿರ ಉಂಟು. ಊರಿನ ಮನೆಯ ಅಟ್ಟದಲ್ಲಿ. ಭಾನುವಾರ ಹೋದಾಗ ಹುಡುಕುತ್ತೇನೆ.


ತಲಪಾಡಿ ದಾಟಿದವ

ನಾನು ಇಲ್ಲಿ ಬರೆಯಬೇಕೋ ಬೇಡವೋ ಅಂತ ಎರಡು ದಿನ ಯೋಚಿಸಿದೆ. ನನ್ನ ಮನೆಮಾತು ಮಲಯಾಳ. ಹುಟ್ಟಿದ್ದು ಕಾಸರಗೋಡು ಪೇಟೆಯಲ್ಲಿ. ಇಪ್ಪತ್ತು ವರ್ಷದಿಂದ ಮಂಗಳೂರಿನಲ್ಲಿ ಇದ್ದೇನೆ. ಕನ್ನಡ ಓದಲು ಕಲಿತದ್ದು ಇಲ್ಲಿಗೆ ಬಂದ ಮೇಲೆ, ಬಸ್ಸಿನ ಬೋರ್ಡು ನೋಡಿ ನೋಡಿ.

ಸಣ್ಣವನಿದ್ದಾಗ ನಮ್ಮ ಮನೆಯಲ್ಲಿ ಕಯ್ಯಾರರ ಹೆಸರು ಬಂದರೆ ದೊಡ್ಡವರು ಮಾತು ನಿಲ್ಲಿಸುತ್ತಿದ್ದರು. ಅವರು ನಮ್ಮ ವಿರುದ್ಧ ಅಂತ ನಾನು ತಿಳಿದುಕೊಂಡಿದ್ದೆ. ನಮ್ಮ ಕಡೆಯ ವಾದವೂ ಇತ್ತು ಅನ್ನಿ. ತಾಲೂಕಿನ ಒಟ್ಟು ಲೆಕ್ಕ ಹಿಡಿದರೆ ಮಲಯಾಳ ಮಾತಾಡುವವರೇ ಜಾಸ್ತಿ ಅಂತ ನಮ್ಮವರು ಹೇಳುತ್ತಿದ್ದರು. ಬಡಗು ಭಾಗದಲ್ಲಿ ತುಳು, ಕೊಂಕಣಿ, ಬ್ಯಾರಿ, ಮರಾಠಿ ಮನೆಮಾತಿನವರೆಲ್ಲ ಶಾಲೆಯಲ್ಲಿ ಕಲಿಯುವುದು ಕನ್ನಡವೇ ಅಂತ ಆ ಕಡೆಯವರು. ಎರಡೂ ಪೂರ್ತಿ ಸುಳ್ಳಲ್ಲ. ಪಣಿಕ್ಕರ್ ಒಬ್ಬರ ಮೇಲೆ ಎಲ್ಲ ಹಾಕುವುದು ನನಗೆ ಸರಿ ಕಾಣುವುದಿಲ್ಲ. ಆಯೋಗದಲ್ಲಿ ಇನ್ನಿಬ್ಬರೂ ಇದ್ದರು.

ಆದರೆ ನಾನು ಹೇಳಬೇಕಾದ್ದು ಅದಲ್ಲ. ಕೆಲವು ವರ್ಷದ ಹಿಂದೆ ಮಂಗಳೂರಿನ ಒಂದು ಹಳೇ ಪುಸ್ತಕದ ರಾಶಿಯಲ್ಲಿ ಒಂದು ಕನ್ನಡ ಪುಸ್ತಕ ಕಂಡಿತು. ಹೆಸರಿನಲ್ಲಿ 'ಆಶಾನ್' ಅಂತ ಇತ್ತು. ಕುಮಾರನ್ ಆಶಾನರ ಖಂಡಕಾವ್ಯಗಳು, ಕನ್ನಡದಲ್ಲಿ. ಅನುವಾದ ಮಾಡಿದವರ ಹೆಸರು ನೋಡಿದೆ. ಕಯ್ಯಾರ ಕಿಞ್ಞಣ್ಣ ರೈ.

ನಾನು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ.

ಆಶಾನ್ ಯಾರು ಅಂತ ಇಲ್ಲಿನವರಿಗೆ ಸ್ವಲ್ಪ ಹೇಳುತ್ತೇನೆ. 1873ರಲ್ಲಿ ಹುಟ್ಟಿದವರು. ನಾರಾಯಣ ಗುರುಗಳ ಶಿಷ್ಯರು. ನಿಮ್ಮ ಕುದ್ರೋಳಿ ದೇವಸ್ಥಾನವನ್ನು 1912ರಲ್ಲಿ ಪ್ರತಿಷ್ಠೆ ಮಾಡಿದರಲ್ಲ, ಅದೇ ಗುರುಗಳು. 1907ರಲ್ಲಿ 'ವೀಣಪೂವು' ಬರೆದರು. ಉದುರಿ ಬಿದ್ದ ಒಂದು ಹೂವಿನ ಬಗ್ಗೆ. ನಮ್ಮ ಭಾಷೆಯ ಕವಿತೆ ಅಲ್ಲಿಂದ ಬೇರೆಯಾಯಿತು. 1922ರಲ್ಲಿ 'ಚಂಡಾಲಭಿಕ್ಷುಕಿ'. ಬಾವಿಕಟ್ಟೆಯಲ್ಲಿ ಬುದ್ಧನ ಶಿಷ್ಯ ಆನಂದ ಬಾಯಾರಿಕೆಯಿಂದ ನೀರು ಕೇಳುತ್ತಾನೆ. ನಾನು ಕೊಡಬಹುದೇ ಅಂತ ಚಂಡಾಲರ ಹುಡುಗಿ ಹೆದರುತ್ತಾಳೆ. ನಾನು ಕೇಳಿದ್ದು ಜಾತಿಯನ್ನಲ್ಲ, ನೀರನ್ನು ಅಂತ ಅವನು ಹೇಳುತ್ತಾನೆ. ಇದನ್ನು ನನ್ನ ಅಮ್ಮ ಅಡುಗೆಮನೆಯಲ್ಲಿ ಹೇಳುತ್ತಿದ್ದರು. 1924ರ ಜನವರಿಯಲ್ಲಿ ಪಲ್ಲನ ಹೊಳೆಯಲ್ಲಿ ದೋಣಿ ಮುಳುಗಿ ಆಶಾನ್ ತೀರಿಕೊಂಡರು.

ನಮ್ಮ ಪ್ರಾಣದಂಥ ಕವಿಯನ್ನು ಕನ್ನಡಕ್ಕೆ ತಂದವರು, ನಾವು ವಿರೋಧಿ ಅಂತ ತಿಳಿದಿದ್ದ ಮನುಷ್ಯ. ಮಲಯಾಳ ಸಾಹಿತ್ಯದ ಚರಿತ್ರೆಯನ್ನೂ ಅವರು ಕನ್ನಡಕ್ಕೆ ಅನುವಾದ ಮಾಡಿದ್ದಾರೆ ಅಂತ ಆಮೇಲೆ ತಿಳಿಯಿತು. ಒಂದು ಭಾಷೆಯನ್ನು ದ್ವೇಷಿಸುವವನು ಅದರ ಕಾವ್ಯವನ್ನು ಸಾಲು ಸಾಲಾಗಿ ಕೂತು ತಿರುಗಿಸುತ್ತಾನೆಯೇ? ಅನುವಾದ ಅಂದರೆ ಒಂದೊಂದು ಪದದ ಜೊತೆ ದಿನಗಟ್ಟಲೆ ಇರಬೇಕು. ಪ್ರೀತಿ ಇಲ್ಲದೆ ಅದು ಆಗುವುದಿಲ್ಲ.


ಗಡಿಮನೆ

ಅಣ್ಣಾ, ನೀವು ಬರೆದದ್ದು ಒಳ್ಳೆಯದಾಯಿತು. ನಿಜ ಹೇಳುತ್ತೇನೆ. ನಮ್ಮ ಮನೆಯಲ್ಲಿ ವಿಲೀನದ ಹಾಡು ಗೊತ್ತಿತ್ತು, ಆಶಾನರ ಅನುವಾದ ಯಾರೂ ಹೇಳಿರಲಿಲ್ಲ. ನಾವೂ ಅವರನ್ನು ಅರ್ಧ ಮಾತ್ರ ಇಟ್ಟುಕೊಂಡಿದ್ದೆವು.


ಹಳೇ ಬಂದರು

ಪಣಿಕ್ಕರ್ ವಿಷಯದಲ್ಲಿ ನೀವು ಹೇಳಿದ್ದನ್ನು ಒಪ್ಪುತ್ತೇನೆ. ಹಿರಿಯರ ಸಿಟ್ಟನ್ನು ನಾನು ಹಾಗೆಯೇ ಎತ್ತಿ ಇಲ್ಲಿ ಇಟ್ಟೆ. ಆಯೋಗದ ತೀರ್ಮಾನ ಒಬ್ಬರದ್ದಲ್ಲ. ಮಹಾಜನ ವರದಿ ಜಾರಿಯಾಗಬೇಕಿತ್ತು ಎಂಬ ನನ್ನ ಮಾತು ಮಾತ್ರ ಹಾಗೆಯೇ ಉಂಟು.

ಕವಿತೆಗೆ ನಷ್ಟ ಅಂದದ್ದನ್ನೂ ಇನ್ನೊಮ್ಮೆ ಯೋಚಿಸುತ್ತಿದ್ದೇನೆ. ಆಶಾನರ ಅನುವಾದವನ್ನು ನಾನು ಓದಿಲ್ಲ. ಓದದೆ ಲೆಕ್ಕ ಹಾಕಿದ್ದು ತಪ್ಪು.

ನನಗೆ ಒಂದು ನೆನಪು ಬಂತು. 1997ರಲ್ಲಿ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ನಮ್ಮ ಮಂಗಳೂರಿನಲ್ಲೇ ಆಯಿತು. 66ನೆಯದು. ಅಧ್ಯಕ್ಷರು ಕಯ್ಯಾರರು. ಆಗ ಅವರಿಗೆ ಎಂಬತ್ತೆರಡು. ನಾನು ಊಟದ ವಿಭಾಗದಲ್ಲಿ ಸ್ವಯಂಸೇವಕ. ಮಜ್ಜಿಗೆಯ ಬಕೆಟ್ ಹಿಡಿದುಕೊಂಡು ದೂರದಿಂದ ನೋಡಿದ್ದಷ್ಟೇ. ಆದರೆ ಆ ದಿನ ನನ್ನ ಪಕ್ಕದಲ್ಲಿದ್ದ ಹಿರಿಯರು ಹೇಳಿದ ಮಾತು ಈಗಲೂ ಕಿವಿಯಲ್ಲಿ ಉಂಟು. "ಮನೆ ಕೇರಳದಲ್ಲಿ, ಪೀಠ ಇಲ್ಲಿ." ಅವರ ಕಣ್ಣು ತುಂಬಿತ್ತು. ನಲವತ್ತು ವರ್ಷದ ಹಿಂದೆ ಜಿಲ್ಲೆಯಿಂದ ಕತ್ತರಿಸಿ ಹೋದ ತಾಲೂಕಿನ ಒಬ್ಬರು ಅದೇ ಜಿಲ್ಲೆಯ ಪೇಟೆಗೆ ಬಂದು ಇಡೀ ಕನ್ನಡನಾಡಿನ ಸಮ್ಮೇಳನಕ್ಕೆ ಅಧ್ಯಕ್ಷರಾಗಿ ಕೂತಿದ್ದರು. ಆಗ ನನಗೆ ಬಕೆಟ್ಟಿನ ಚಿಂತೆಯೇ ಜಾಸ್ತಿ ಇತ್ತು. ಈಗ ಇಲ್ಲಿ ಬರೆಯುವಾಗ ಅದರ ಭಾರ ತಿಳಿಯುತ್ತಿದೆ.


ಕಾಪು ಕಡೆಯವಳು

ತಲಪಾಡಿಯವರೇ, ನನಗೆ ಒಂದು ಸಹಾಯ ಬೇಕು. ನನ್ನ ಪ್ರಬಂಧಕ್ಕೆ ವಿಷಯ ಹುಡುಕುತ್ತಿದ್ದೆ. ಆಶಾನರ ಮೂಲ ಮತ್ತು ಕಯ್ಯಾರರ ಕನ್ನಡ ಎರಡನ್ನೂ ಪಕ್ಕದಲ್ಲಿಟ್ಟು ನೋಡಬೇಕು ಅನಿಸುತ್ತಿದೆ. ನನಗೆ ಮಲಯಾಳ ಬರುವುದಿಲ್ಲ. ನೀವು ಮೂಲವನ್ನು ಓದಿ ಹೇಳುತ್ತೀರಾ? ಅವರು ಯಾವ ಛಂದಸ್ಸು ಹಿಡಿದರು, ಎಲ್ಲಿ ಸಂಸ್ಕೃತದ ಪದ ಹಾಗೆಯೇ ಉಳಿಸಿದರು, ಎಲ್ಲಿ ನಮ್ಮ ಕರಾವಳಿಯ ಮಾತು ತಂದರು ಅಂತ ನೋಡಬೇಕು. ಸಂಸ್ಕೃತ ಗೊತ್ತಿದ್ದ, ತುಳುವಿನಲ್ಲೂ ಕವಿತೆ ಬರೆದ ಒಬ್ಬರು ಮಲಯಾಳದಿಂದ ಕನ್ನಡಕ್ಕೆ ಬರುವಾಗ ಯಾವ ದಾರಿ ಹಿಡಿಯುತ್ತಾರೆ? ಇದನ್ನು ಯಾರಾದರೂ ಕೂತು ಮಾಡಬೇಕಲ್ಲ.


ತಲಪಾಡಿ ದಾಟಿದವ

ಖಂಡಿತ. ಶನಿವಾರ ಮಧ್ಯಾಹ್ನ ನನಗೆ ರಜೆ. ನಾನು ಜೋರಾಗಿ ಓದುತ್ತೇನೆ, ನೀವು ಬರೆದುಕೊಳ್ಳಿ. ಅರ್ಥಕ್ಕಿಂತ ಮೊದಲು ಅದರ ನಡೆ ಕಿವಿಗೆ ಬೀಳಬೇಕು.


ಪೆರ್ಡೂರಿನ ಓದುಗ

ಅಟ್ಟ ಹತ್ತಿ ಬಂದೆ. ಪುಸ್ತಕ ಸಿಕ್ಕಿತು. ಹಳೇ ಕ್ಯಾಲೆಂಡರ್ ಹಾಳೆಯಲ್ಲಿ ಬೈಂಡ್ ಹಾಕಿತ್ತು, ಅದಕ್ಕೇ ಗೆದ್ದಲು ಮುಟ್ಟಲಿಲ್ಲ. ಟೀಚರ್, ನಿಮ್ಮ ಅಪ್ಪನ ಪ್ರತಿ ಯಾವ ಪುಟದಲ್ಲಿ ನಿಂತಿದೆ ಹೇಳಿ. ಅಲ್ಲಿಂದ ಫೋಟೋ ತೆಗೆದು ಕಳಿಸುತ್ತೇನೆ.

ಹುಡುಕುವಾಗ ಇನ್ನೊಂದು ಸಿಕ್ಕಿತು. ನನ್ನ ತಂಗಿ ಓದುತ್ತಿದ್ದ ಕಾಲದ ಒಂದು ನೋಟ್ ಬುಕ್ಕು. ಅದರ ಮೊದಲ ಪುಟದಲ್ಲಿ ಬಾವುಟದ ಹಾಡು ಪೂರ್ತಿ ಬರೆದಿದ್ದಾಳೆ, ಸುತ್ತಲೂ ಕೇಸರಿ ಮತ್ತು ಹಸಿರು ಕ್ರೇಯಾನಿನಲ್ಲಿ ಗೆರೆ. ಕೆಳಗೆ ಕವಿಯ ಹೆಸರು ಬರೆಯಲು ಹೋಗಿ 'ಕಿ' ಬರೆದು ನಿಲ್ಲಿಸಿದ್ದಾಳೆ. ಞ ಬರೆಯಲು ಬರಲಿಲ್ಲ ಅಂತ ಕಾಣುತ್ತದೆ. ಜಾಗ ಹಾಗೆಯೇ ಖಾಲಿ ಉಂಟು.


ಗಡಿಮನೆ

ತಂಗಿಗೆ ಈಗ ಬರೆಯಲು ಹೇಳಿ ಮಾರಾಯ್ರೆ.


ಪೆರ್ಡೂರಿನ ಓದುಗ

ದುಬೈಯಲ್ಲಿದ್ದಾಳೆ. ಮೇ ತಿಂಗಳಲ್ಲಿ ಬರುತ್ತಾಳೆ. ನೋಟ್ ಬುಕ್ಕು ಕೆಳಗೆ ತಂದು ಇಟ್ಟಿದ್ದೇನೆ.


ಮಣ್ಣಗುಡ್ಡೆ ಟೀಚರ್

ಫೋಟೋಗಳು ಬಂದವು. ಅಪ್ಪನಿಗೆ ಫೋನಿನಲ್ಲಿ ತೋರಿಸಿದೆ. ಅಕ್ಷರ ಸಣ್ಣದಾಯಿತು ಅಂದರು. ದೊಡ್ಡದು ಮಾಡಿ ತೋರಿಸಿದರೆ ಸಾಲು ಓಡಿ ಹೋಗುತ್ತದೆ ಅಂದರು. ಪ್ರಿಂಟ್ ಹಾಕಿಸಿ ತಾ, ಅದೇ ಅಳತೆಗೆ ಕತ್ತರಿಸಿ ಪುಸ್ತಕಕ್ಕೆ ಹೊಲಿಯುತ್ತೇನೆ ಅಂದಿದ್ದಾರೆ. ಈಗಲೇ ದಬ್ಬಣ ಮತ್ತು ದಾರ ಹುಡುಕುತ್ತಿದ್ದಾರೆ. ನಾನು ಹಂಪನಕಟ್ಟೆಗೆ ಹೊರಟೆ, ಪ್ರಿಂಟಿನ ಅಂಗಡಿ ಮುಚ್ಚುವ ಮೊದಲು ತಲುಪಬೇಕು.